ಜಾತಕದಲ್ಲಿಲ್ಲದ ಸಂಖ್ಯೆ

"ರಕ್ತದಾಗ ಏನದ ಅಂತ ಯಾವ ಜಾತಕ ಹೇಳ್ತದ?"

ಹೈದರಾಬಾದಿನ ಬೇಗಂಪೇಟೆಯ ಲ್ಯಾಬಿನಲ್ಲಿ ಕುಳಿತಿದ್ದ ಸಂಪದಾ ಯಾರನ್ನೂ ನೋಡದೆ, ಗಟ್ಟಿಯಾಗಿಯೇ ಕೇಳಿಬಿಟ್ಟಳು. ತಂಗಿಯ ರಿಪೋರ್ಟ್ ಒಯ್ಯಲು ಬಂದಿದ್ದಳು.

"ಯಾವುದೂ ಹೇಳೂದಿಲ್ಲರಿ."

ಬೆನ್ನ ಹಿಂದಿನ ದನಿಗೆ ತಿರುಗಿದಳು. ಕೌಸ್ತುಭ! ಅವಳನ್ನು ಮದುವೆಯಾಗಬೇಕಿದ್ದವನು, ಹತ್ತು ದಿನದಿಂದ ಒಂದು ಫೋನೂ ಮಾಡದವನು. ಕೈಯಲ್ಲೊಂದು ಅಂಟಿಸಿದ ಲಕೋಟೆ.

ಇವನೇಕೆ ಇಲ್ಲಿ...?

ಸಣ್ಣವಳಿದ್ದಾಗಿನಿಂದ ಸಂಪದಾಗೆ 'ರಕ್ತ ಕಡಿಮೆ'. ಅಜ್ಜಿ ಅಂಬುಬಾಯಿ ಬೆಳಗಿನ ದೇವರ ಹಾಡು ಹೇಳುತ್ತಲೇ ಅವಳಿಗಾಗಿ ಬೀಟ್‌ರೂಟ್ ಹೆಚ್ಚುತ್ತಿದ್ದರು. ಕಬ್ಬಿಣದ ಗುಳಿಗೆ ನುಂಗಿದ್ದೇ ನುಂಗಿದ್ದು, ರಕ್ತ ಮಾತ್ರ ಏರಲಿಲ್ಲ. ಕೊನೆಗೆ ಹೊಸ ಡಾಕ್ಟರಮ್ಮ ಬೇರೆಯೇ ಪರೀಕ್ಷೆ ಮಾಡಿಸಿದರು. ಕಬ್ಬಿಣದ ಕೊರತೆಯೇ ಅಲ್ಲ, ಥಲಸೀಮಿಯಾ ಮೈನರ್, ಹುಟ್ಟಿನಿಂದಲೇ ಬರುವ ರಕ್ತದೋಷದ ಸೌಮ್ಯ ರೂಪ! ಅವಳಿಗೇನೂ ಅಪಾಯವಿಲ್ಲ. ಆದರೆ ಗಂಡನಿಗೂ ಅದೇ ಇದ್ದರೆ, ಪ್ರತಿ ಕೂಸಿಗೂ ನಾಲ್ಕರಲ್ಲಿ ಒಂದು ಪಾಲು ಥಲಸೀಮಿಯಾ ಮೇಜರ್ ಆಗುವ ಭಯ... ತಿಂಗಳು ತಿಂಗಳು ರಕ್ತ ಹಾಕಿಸುವ ಬದುಕು.

ಅದಕ್ಕೇ ನಿಶ್ಚಯದ ದಿನ, ತಾಂಬೂಲದ ತಟ್ಟೆ ಕೈಬದಲಾಗುವ ಮೊದಲೇ, ಎಲ್ಲರೆದುರು ಹೇಳಿದ್ದಳು.

"ಹುಡುಗಂದೂ ರಕ್ತಪರೀಕ್ಷೆ ಆಗಲಿ."

"ಮೂವತ್ತು ಗುಣ ಕೂಡ್ಯಾವ, ಇನ್ನೇನು ಪರೀಕ್ಷೆ? ನಮ್ಮ ವಂಶದಾಗ ಕುಂದು ಹುಡುಕ್ತೀಯೇನ?"

ಕೌಸ್ತುಭನ ತಾಯಿ ಗಂಗಾಬಾಯಿ ತಟ್ಟೆ ತಳ್ಳಿ ಎದ್ದಿದ್ದರು. ಅವನು ತುಟಿ ಬಿಚ್ಚದೆ ಹಿಂದೆಯೇ ಹೊರಟಿದ್ದ.

'ಹೇಡಿ!' ಅಂದುಕೊಂಡಿದ್ದಳು. ಅಂದುಕೊಂಡು, ಅತ್ತೂ ಇದ್ದಳು.

"ನಾ ಮನಸ್ಸಿಗೆ ಬಂದಿಲ್ಲ, ಅದಕ್ಕ ನೆಪ ಹುಡುಕೀರಿ ಅಂತ ತಿಳ್ಕೊಂಡಿದ್ದೆ," ಎಂದ ಕೌಸ್ತುಭ ಈಗ, ಲ್ಯಾಬಿನ ನೆಲ ನೋಡುತ್ತ. "ಆದ್ರೂ ಮನಸ್ಸು ತಡೀಲಿಲ್ಲ. ಮೊನ್ನೆ ಅವ್ವಗ ಹೇಳದ ಬಂದು ರಕ್ತ ಕೊಟ್ಟೆ. ತಗೋರಿ... ನೀವ ಓದ್ರಿ."

ಅವಳು ಲಕೋಟೆ ಹರಿದಳು. ಯಾವ ಸಾಲು ನೋಡಬೇಕೆಂದು ಅವಳಿಗೆ ಬಾಯಿಪಾಠ. ಹಿಮೋಗ್ಲೋಬಿನ್ ಎ2, ಪ್ರತಿಶತ ಮೂರೂವರೆ ದಾಟಬಾರದು.

ಐದು ಪಾಯಿಂಟ್ ಎರಡು.

"ನಿಮಗೂ ಅದ..."

ಅವನು ನಗಲು ನೋಡಿದ. "ಜಾತಕಕ್ಕಿಂತ ಚೊಲೊ ಕೂಡ್ಯದಲ್ಲರಿ ನಮ್ಮ ರಕ್ತ!"

ಅವಳು ನಗಲಿಲ್ಲ.

"ಮದುವಿ ಮುರೀಲಿಕ್ಕೆ ಪರೀಕ್ಷೆ ಕೇಳಿದೆ ಅಂದ್ಕೊಂಡ್ರೇನು? ತಿಳ್ಕೊಳ್ಳಲಿಕ್ಕೆ ಕೇಳಿದೆ! ಬಸುರಾದ ಹನ್ನೊಂದನೇ ವಾರಕ್ಕ ಕೂಸಿಂದೂ ಪರೀಕ್ಷೆ ಮಾಡ್ತಾರ. ಅದೂ ಬ್ಯಾಡಂದ್ರ ದತ್ತಕ ತಗೊಳ್ಳೋಣ. ನಿಮ್ಮ ಅವ್ವಗ ನಾನೇ ಬಂದು ಹೇಳ್ತೀನಿ."

"ಈ ಸಲ ತಟ್ಟೆ ನಿಮ್ಮ ಮ್ಯಾಲೇ ಒಗೀತಾಳ."

"ಹಿಡೀತೀನಿ."

ಅವನ ಕಣ್ಣು ತುಂಬಿದವು. "ಸಂಪದಾ... ನೀವಂದ್ರ ನನಗ ಜೀವರಿ. ಅದಕ್ಕೇ ಹೇಳ್ತೀನಿ. ನನ್ನಿಂದ ನಿಮಗೀ ಚಿಂತಿ ಬ್ಯಾಡ. ಬ್ಯಾರೆ ಯಾರನ್ನಾರ ಮಾಡಿಕೋರಿ. ಕೈಮುಗೀತೀನಿ, ನನ್ನ ಮರತುಬಿಡ್ರಿ."

"ಸಂಪದಾಗಾರು!" ಕೌಂಟರಿನಿಂದ ತೆಲುಗಿನಲ್ಲಿ ಕೂಗಿದರು.

ಅವಳು ಎದ್ದಳು. ಅವನ ರಿಪೋರ್ಟನ್ನು ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡು ಜಿಪ್ ಎಳೆದಳು.

"ಮರೆಯೂದಿಲ್ಲ."