ಬ್ಯಾರನ್ ಒಲೆಯ ನೀಲಿ ನೀರು

"ಕೆಳಗಾಕು ಅದನ್ನ!"

ಪುಟ್ಟಲಕ್ಷ್ಮಿ ತಿರುಗಿ ನೋಡುವಷ್ಟರಲ್ಲಿ ಗಂಡ ದೇವಯ್ಯ ಅವಳ ಕೈಗೆ ಹೊಡೆದಾಗಿತ್ತು. ಅವಳು ಒಲೆಗೆ ಹಿಡಿದಿದ್ದ ಗಾಜಿನ ಕೊಳವೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಗೋಡೆಗೆ ಬಡಿದು ಚೂರಾಯಿತು. ಪಕ್ಕದಲ್ಲಿದ್ದ ಬಾಟಲಿಯನ್ನೂ ಎತ್ತಿ, ನೀಲಿ ನೀರನ್ನೆಲ್ಲ ಒಲೆ ಬೂದಿಗೆ ಸುರಿದ.

ಮದುವೆಯಾಗಿ ಇಪ್ಪತ್ತೊಂದು ದಿನ. ಧಾರೆಯ ದಿನ ಬಿಟ್ಟರೆ ಅವನು ಅವಳ ಕೈ ಮುಟ್ಟಿದ್ದು ಇವತ್ತೇ... ಅದೂ ಹೀಗೆ.

"ಮೈಲುತುತ್ತ ಕಾಯಿಸ್ಕೊಂಡು ಕುಡಿಯಾಕೆ ಕೂತಿದ್ದಾ?" ಅವನು ಖಾಲಿ ಬಾಟಲಿಯನ್ನು ಮೂಲೆಗೆ ಎಸೆದ. "ನನ್ನ ಜೊತೆ ಬಾಳೋದ್ಕಿಂತ ಸಾಯೋದೇ ವಾಸಿ ಅನ್ನಿಸ್ತಾ ಪುಟ್ಟಿ?"

ತಪ್ಪು ಅವನದೂ ಅಲ್ಲ ಬಿಡಿ. ಪಿರಿಯಾಪಟ್ಟಣದ ಸುತ್ತ ಹೊಗೆಸೊಪ್ಪು ಬೆಳೆಯುವವರಿಗೆ ನೀಲಿ ನೀರೆಂದರೆ ಒಂದೇ, ಸಸಿಮಡಿಗೆ ಹೊಡೆಯುವ ತುತ್ತ. ಎಪ್ಪತ್ತನಾಲ್ಕರ ಆ ಕಾಲದಲ್ಲಿ ಸಕ್ಕರೆ ಕಾಯಿಲೆಯವರು ಎಂಟು ಹನಿ ಮೂತ್ರ ಬೆರೆಸಿ ಕಾಯಿಸಿ ನೋಡುವ ಮದ್ದೂ ನೀಲಿಯೇ ಅಂತ ಅವನಿಗೆ ಯಾರು ಹೇಳಬೇಕಿತ್ತು? ನೀಲಿಯಾಗೇ ಉಳಿದರೆ ಒಳ್ಳೆಯದು, ಇಟ್ಟಿಗೆ ಕೆಂಪಿಗೆ ತಿರುಗಿದರೆ ಸಕ್ಕರೆ ಏರಿದೆ ಅಂತ. ಅದನ್ನು ನೋಡಿಕೊಂಡೇ ಅವಳು ದಿನಾ ಕದ್ದುಮುಚ್ಚಿ ಸೂಜಿಮದ್ದು ಚುಚ್ಚಿಕೊಳ್ಳುತ್ತಿದ್ದಳು.

ಹೇಳಿಬಿಡಲೇ? ಆದರೆ ತವರೂರು ಹೊಸ ಅಗ್ರಹಾರದಲ್ಲಿ ಅಪ್ಪ ಆಣೆ ಹಾಕಿಸಿಕೊಂಡಿದ್ದ. "ಕಾಯಿಲೆ ಅಂದ್ರೆ ವಾಪಸ್ ಅಟ್ತಾರೆ ಮಗಾ, ಬಾಯ್ ಬುಡಬ್ಯಾಡ."

ಅವಳು ಬಗ್ಗಿ ಗಾಜಿನ ಚೂರು ಆರಿಸತೊಡಗಿದಳು.

"ಇಷ್ಟ ಇಲ್ದೋಳ್ನ ಕಟ್ಟಾಕ್ಕೊಳಾಕಿಲ್ಲ ನಾನು," ಅಂದ ದೇವಯ್ಯ. "ನಾಡಿದ್ದು ನಿಮ್ಮಪ್ಪನ ಮನೆಗೆ ಬುಟ್ಟು ಬತ್ತೀನಿ. ಜೀವಂತವಾಗಿರು, ಅಷ್ಟು ಸಾಕು."

ಅಯ್ಯೋ ದೇವರೇ... ಈ ಮನುಷ್ಯ ಬೇಕು ನನಗೆ. ನಿಜ ಹೇಳಿದರೂ ಕಳೆದುಕೊಳ್ತೀನಿ, ಹೇಳದಿದ್ದರೂ ಕಳೆದುಕೊಳ್ತೀನಿ!

ಎರಡು ದಿನ ಪರೀಕ್ಷೆಯಿಲ್ಲ. ಬಾಯಾರಿ ಬಾಯಾರಿ ಕೊಡ ಬರಿದು ಮಾಡಿದಳು. ಸಕ್ಕರೆ ಏರಿರಬೇಕು ಅಂತ ಹೆದರಿ, ಹೊರಡುವ ದಿನ ಬೆಳಿಗ್ಗೆ ಕಣ್ಣಂದಾಜಿನಲ್ಲೇ ಮದ್ದು ಹೆಚ್ಚಿಗೆ ಚುಚ್ಚಿಕೊಂಡಳು, ಹುಚ್ಚು ಹುಡುಗಿ. ದುಃಖಕ್ಕೆ ಹಿಟ್ಟೂ ಗಂಟಲಲ್ಲಿ ಇಳಿಯಲಿಲ್ಲ.

ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಮೈ ಬೆವರಿಳಿಯಿತು. ಕೈಕಾಲು ನಡುಗಿ ಕಣ್ಣು ಕತ್ತಲೆ ಬಂತು; ಹೊಟ್ಟೆಗಿಲ್ಲದ ಮೈಯಲ್ಲಿ ಮದ್ದು ಹೆಚ್ಚಾಗಿ ಸಕ್ಕರೆ ತೀರಾ ಇಳಿದಿತ್ತು. ದೇವಯ್ಯ ಹಿಡಿದು ಕೂರಿಸಿದ.

"ಮತ್ತೆ ಏನ್ ಕುಡ್ದೆ? ಏಳು ಪುಟ್ಟಿ, ನಿನ್ ಕಾಲಿಗೆ ಬೀಳ್ತೀನಿ..."

"ಬೆಲ್ಲ..."

"ಏನು?"

"ಬೆಲ್ಲ ಕೊಡಿ... ಬೇಗ."

ಅವನಿಗೆ ಒಂದೂ ಅರ್ಥವಾಗಲಿಲ್ಲ. ಆದರೂ ಓಡಿದ. ಅಂಗಡಿ ಚಿಕ್ಕಬಸಮ್ಮನ ತಕ್ಕಡಿಯಲ್ಲಿದ್ದ ಅಚ್ಚನ್ನೇ ಕಿತ್ತುಕೊಂಡು ಬಂದು, ಹಲ್ಲಲ್ಲಿ ಕಡಿದು ಕಡಿದು ಅವಳ ಬಾಯಿಗಿಟ್ಟ.

ಸ್ವಲ್ಪ ಹೊತ್ತಿಗೆ ಅವಳಿಗೆ ಅವನ ಮುಖ ಸರಿಯಾಗಿ ಕಂಡಿತು. ಹೆದರಿಕೆಗೆ ಮಣ್ಣು ಮೆತ್ತಿದಂತಾಗಿತ್ತು ಆ ಮುಖ. ಆಣೆ ಹಾಳಾಗಲಿ, ಅಂದುಕೊಂಡಳು.

"ಅವತ್ತಿಂದು ವಿಷ ಅಲ್ಲ ಕಣ್ರೀ. ನಂಗೆ ಸಕ್ಕರೆ ಕಾಯಿಲೆ, ಮದುವೆಗೆ ಮುಂಚಿಂದ್ಲೂ. ಎಷ್ಟದೆ ಅಂತ ಆ ನೀರ್ನಲ್ಲಿ ನೋಡ್ಕೋತಿದ್ದೆ. ಮುಚ್ಚಿಟ್ವಿ ನಿಮ್ಗೆ..." ಅವನ ತೋಳು ಹಿಡಿದಳು. "ಸಾಯಾಕಲ್ಲ ನಾನು ಕಾಯಿಸ್ತಿದ್ದಿದ್ದು. ನಿಮ್ ಜೊತೆ ನಾಕು ಕಾಲ ಬಾಳಾಕೆ."

ದೇವಯ್ಯ ಕೈಯಲ್ಲಿದ್ದ ಬೆಲ್ಲ ಕೆಳಗಿಟ್ಟು ಎದ್ದು ನಿಂತ. ಅಷ್ಟರಲ್ಲಿ ಅವಳ ತವರಿನ ಕಡೆ ಹೋಗುವ ಕೆ.ಆರ್. ನಗರದ ಬಸ್ಸು ಬಂತು. ಮುಗಿಯಿತು ನನ್ನ ಸಂಸಾರ ಅಂತ ಅವಳು ಬಟ್ಟೆಗಂಟು ಎತ್ತಿಕೊಂಡಳು. ಅವನು ಅದನ್ನು ಅವಳ ಕೈಯಿಂದ ತಗೊಂಡ, ಹತ್ತಲಿಲ್ಲ, ಹತ್ತಿಸಲೂ ಇಲ್ಲ.

"ನಿನ್ ಜೀವಾನೇ ಬೂದಿಗೆ ಚೆಲ್ಲಿಬುಟ್ನಲ್ಲೇ..." ಅಷ್ಟು ಜನರ ಮಧ್ಯೆ ಅವನು ಅಳುತ್ತಿದ್ದ.

"ಬಸ್ಸು ಹೋಯ್ತಲ್ರೀ."

"ಓಗ್ಲಿ ಬುಡು. ಆಸ್ಪತ್ರೇಲಿ ಆ ನೀರು ಸಿಕ್ತದಾ ಕೇಳಾನ ನಡಿ. ಇಲ್ದಿದ್ರೆ ಮೈಸೂರ್ಗೆ ಓಗಾನ. ಇನ್ಮೇಲೆ ನಾನೇ ಕಾಯಿಸ್ತೀನಿ."

"ಥೂ... ಮೂತ್ರ ಕಣ್ರೀ ಅದು. ನೀವು ಮುಟ್ಟೋದಾ?"

"ದಿನಾ ಕೊಟ್ಟಿಗೇಲಿ ಗಂಜಲ ಬಾಚೋನ್ಗೆ, ಎಂಡ್ತಿದು ಎಂಟು ಹನಿ ಎಚ್ಚಾಯ್ತಾ ಪುಟ್ಟಿ?"