ಜನವಿಲ್ಲದ ಪೇಟೆಯ ಪಟ

“ಸ್ವಾಮಿ, ಇವತ್ತು ಹೊರಬೀಡು. ಹೊತ್ತು ಮುಳುಗೋಗಂಟ ಊರೊಳಗೆ ನರಪಿಳ್ಳೆ ಇರಬಾರ್ದು. ಒಲೆಯಂತೂ ಹಚ್ಚಲೇಬೇಡಿ. ಬೆಂಕಿ ಕಂಡ್ರೆ ಪಟದಾಗಿರೋರು ಎದ್ದು ಬತ್ತಾರೆ,” ಎಂದರು ಸಿದ್ದಗಂಗಯ್ಯ.

ಹಾರೋಹಳ್ಳಿಯ ಕಾರ್ಖಾನೆಗೆ ಸೂಪರ್‌ವೈಸರ್ ಆಗಿ ಬಂದು ಅವರ ಮನೆಯಲ್ಲಿ ಬಾಡಿಗೆಗಿದ್ದ ಉದಯಶಂಕರ್ ನಕ್ಕ. “ಆ ಪಟದಲ್ಲಿ ಒಂದು ಕಾಗೆಯೂ ಇಲ್ಲವಲ್ಲ ಅಜ್ಜ!”

“ಅದ್ಕೇ ಹೇಳಿದ್ದು.”

ನಡುಮನೆಯ ಗೋಡೆಯ ಹಳೆಯ ಪಟದಲ್ಲಿ ಒಂದು ಕೋಟೆಪೇಟೆ. ಬಿಸಿಲು ಬಿದ್ದ ಬೀದಿ, ಮುಚ್ಚಿದ ಬಾಗಿಲುಗಳು. ಜನವಿಲ್ಲ, ದನವಿಲ್ಲ. ಹಿಂದೆ ದಂಡು ಬಂದು ಆ ಪೇಟೆಯವರನ್ನೆಲ್ಲ ಕಡಿದು ಹಾಕಿತ್ತಂತೆ. ಮಾಟಗಾರನೊಬ್ಬ ಪಟ ಬರೆದು, ಆ ದಂಡಿನ ಆಳುಗಳನ್ನೇ ಅದರ ಬಾಗಿಲುಗಳ ಹಿಂದೆ ಕಟ್ಟಿಹಾಕಿದನಂತೆ. ವರ್ಷಕ್ಕೊಮ್ಮೆ ಊರೂ ಪಟದ ಹಾಗೆ ಬರಿದಾದರೆ ಅವರು ಮಲಗಿರುತ್ತಾರೆ.

ಉದಯಶಂಕರ್‌ನ ಬಸುರಿ ಹೆಂಡತಿ ಕವನ ಜನರೊಡನೆ ಊರಾಚೆಯ ತೋಪಿಗೆ ಹೊರಟಳು. “ಬನ್ನಿ ಅಂದ್ರೆ!”

“ಟೀ ಕುಡಿದು ಬರ್ತೀನಿ, ನಡಿಯೇ.”

ಊರಬಾಗಿಲಿಗೆ ಮುಳ್ಳುಕಂಟಿ ಅಡ್ಡ ಬಿತ್ತು. ನಡುಹಗಲು. ನಾಯಿ ಬೊಗಳಲಿಲ್ಲ, ಎಲೆ ಅಲುಗಲಿಲ್ಲ. ಉದಯಶಂಕರ್ ಸ್ಟೌ ಹಚ್ಚಿದ. ಸೀಮೆಎಣ್ಣೆಯ ಜೊತೆಗೆ ಹಸಿ ನೆತ್ತರು ನಾರಿತು. ತಿರುಗಿ ನೋಡಿದ. ಪಟದ ಒಂದು ಮನೆಯ ಮೇಲೆ ಹೊಗೆ ಏಳುತ್ತಿತ್ತು. ಬಾಗಿಲುಗಳೆಲ್ಲ ತೆರೆದಿದ್ದವು.

ಹೊರಗೆ ಬೀದಿಯಲ್ಲಿ ಕತ್ತಿಯನ್ನು ಕಲ್ಲಿಗೆ ಮಸೆಯುವ ಸದ್ದು.

ಓಡಿದ. ಬೆನ್ನ ಹಿಂದೆ ಕದವೊಂದು ಎರಡು ಸೀಳಾಯಿತು. ಯಾರೂ ಕಾಣಲಿಲ್ಲ. ಅವನ ಎಡಗಿವಿ ಹಾರಿ ಮಣ್ಣಿಗೆ ಬಿತ್ತು. ಕಿರುಚಿದ.

ಕೂಗು ಕೇಳಿದ ಕವನ, ಹಿಡಿದವರ ಕೈ ಕೊಸರಿಕೊಂಡು ಮುಳ್ಳು ದಾಟಿ ಓಡಿ ಬಂದಳು. “ರೀ!”

ಗಾಳಿ ಸೀಳಿತು. ಅವನು ಅವಳ ರಟ್ಟೆ ಹಿಡಿದ. ಎಳೆದ. ಆ ಸದ್ದಿಗೂ ತನಗೂ ನಡುವೆ ನಿಲ್ಲಿಸಿದ. ಏಟು ಬಿತ್ತು.

ಮುಳ್ಳಿನಾಚೆ ಬಂದು ಬಿದ್ದವನನ್ನು ಜನ ಎತ್ತಿ ಕೂರಿಸಿದರು. ಒಳಗೆ ಕವನ ನೀರು ಕೇಳುತ್ತಿದ್ದಳು.

“ಇನ್ನೂ ಜೀವ ಐತೆ ಕಣಪ್ಪ,” ಎಂದು ಸಿದ್ದಗಂಗಯ್ಯನವರ ಹೆಂಡತಿ ರೇವಮ್ಮ ಅವನ ಗದ್ದ ಹಿಡಿದು ಅತ್ತರು. “ಹಚ್ಚಿದೋನೇ ಆರಿಸ್ಬೇಕು. ಬೇರೆಯೋರು ಹೋದ್ರೆ ಅವು ಊರನ್ನೇ ಬುಡಕ್ಕಿಲ್ಲ. ಹೋಗಿ ಆ ಸ್ಟೌ ಆರ್ಸು. ನಿನ್ನ ಹೆಂಡ್ರು ಉಳೀತಾಳೆ. ಹೋಗಪ್ಪ!”

ಒಳಗಿನಿಂದ ಮತ್ತೆ ಕರೆ ಬಂತು. ಈ ಸಲ ಅವನ ಹೆಸರು ಹಿಡಿದು.

ಸಿದ್ದಗಂಗಯ್ಯ ಕಣ್ಣು ಮುಚ್ಚಿ “ಶಿವನೇ” ಎಂದರು.

ಉದಯಶಂಕರ್ ಏಳಲಿಲ್ಲ. ಉಳಿದಿದ್ದ ಕಿವಿಗೆ ಕೈ ಒತ್ತಿ ಹಿಡಿದು ಕೂತ.