ಅವ್ವನ ಜೀವಂತ ಮುಖ

ಆ ಮುಂಜಾನೆ ಬ್ಯಾಡಗಿಯಲ್ಲಿ ಬಿಸಿಲು ಏಳಲೇ ಇಲ್ಲ. ಮಾಘದ ಮಂಜು ಹಂಚುಗಳ ಮೇಲೆ ಹಾಸಿಕೊಂಡು ಬಿದ್ದಿತ್ತು. ಅದರ ಭಾರಕ್ಕೆ ಮಾರುಕಟ್ಟೆ ಯಾರ್ಡಿನ ಮೆಣಸಿನಕಾಯಿ ಘಾಟು ಮೇಲೇರಲಾರದೆ ಓಣಿ ಓಣಿಯಲ್ಲಿ ಆಳೆತ್ತರಕ್ಕೆ ನಿಂತಿತ್ತು. ಅಂಥ ದಿನ ಊರಿಗೆ ಊರೇ ಸೀನುತ್ತದೆ. ದೇವರ ಮುಂದೆ ದೀಪ ಹಚ್ಚುವವರೂ ಸೀನುತ್ತಾರೆ; ಅಪಶಕುನವೆಂದು ಯಾರೂ ಎಣಿಸುವುದಿಲ್ಲ.

ಅದು ತೊಂಬತ್ನಾಲ್ಕನೆಯ ಇಸವಿ. ಊರಿನ ಶಾಲೆಗೆ ಐವತ್ತು ವರ್ಷ ತುಂಬಿತ್ತು. ಮನೆಮನೆಯ ಹಳೆಯ ಫೋಟೋಗಳನ್ನು ತಂದು ಶಾಲೆಯ ದೊಡ್ಡ ಕೋಣೆಯಲ್ಲಿ ಹುರಿಗೆ ತೂಗುಹಾಕಬೇಕು, ಒಬ್ಬೊಬ್ಬರೇ ಎದ್ದು ತಮ್ಮ ಫೋಟೋದ ಕಥೆ ಹೇಳಬೇಕು ಎಂದು ಹೆಡ್ ಮಾಸ್ತರ ಪರಮೇಶಪ್ಪನವರು ಡಂಗುರ ಸಾರಿಸಿದ್ದರು.

ರಾಣೆಬೆನ್ನೂರಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಗುಡ್ಡವ್ವ ಮೊದಲ ಬಸ್ಸಿಗೇ ಬಂದಿಳಿದಳು. ಶಾಲೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು, ಬಂದ ಫೋಟೋಗಳ ಬೆನ್ನಿಗೆ ಮನೆತನದ ಹೆಸರು ಬರೆಯುತ್ತಿದ್ದವನು ತಲೆ ಎತ್ತಿದ.

ಫಕ್ಕೀರಪ್ಪ!

ಆರು ವರ್ಷ... ಕಿವಿಯ ಹತ್ತಿರ ನರೆ ಬಂದಿದೆ. ಕಣ್ಣು ಮಾತ್ರ ಅವೇ.

"ಫೋಟೋ... ತಂದೀರೇನ್ರಿ?" ಎಂದ ಅವನು.

"ನಮ್ಮ ಮನ್ಯಾಗ ಫೋಟೋ ಎಲ್ಲಿಂದ ಬರಬೇಕ್ರಿ? ನಮ್ಮವ್ವನ ಮಾರಿ ನಿಮ್ಮ ಖಾಲಿ ಡಬ್ಬಿ ನುಂಗ್ತಲ್ಲ!"

ಸಾಲಿನಲ್ಲಿ ನಿಂತಿದ್ದ ಭರಮವ್ವಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಯವ್ವಾ, ಬರೋದ ತಡ, ಈಕಿನೂ ಘಾಟ ಹಾರಸಾಕತ್ಲಲ್ಲ! ಯಾರ್ಡಿಂದು ಸಾಲದಾತೇನ?"

ಸಾಲು ನಕ್ಕಿತು. ಫಕ್ಕೀರಪ್ಪ ನಗಲಿಲ್ಲ. "ಒಳಗ ಬರ್ರಿ. ಫೋಟೋ ಇಲ್ಲದವರೂ ಕಥಿ ಹೇಳಬಹುದು," ಎಂದು ಯಾದಿಯಲ್ಲಿ ಅವಳ ಹೆಸರು ಬರೆದ. ಕೇಳದೆಯೇ ಬರೆದ.

ಗುಡ್ಡವ್ವ ಒಳಗೆ ಹೋಗಿ ಗೋಡೆ ಹಿಡಿದು ನಿಂತಳು. 'ಇವನನ್ನ ನೋಡಿದರ ಇನ್ನೂ ಯಾಕ ಹಿಂಗಾಗತೈತಿ, ದೇವರ...?'

ಒಂದು ಕಾಲಕ್ಕೆ ಇಬ್ಬರ ಮದುವೆಯ ಮಾತು ಮುಗಿದಿತ್ತು. ಸ್ಟೇಷನ್ ರಸ್ತೆಯಲ್ಲಿ ಫಕ್ಕೀರಪ್ಪನ ಪುಟ್ಟ ಸ್ಟುಡಿಯೋ. ಗುಡ್ಡವ್ವನ ತಾಯಿ ಜಯವ್ವ ಯಾರ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗುತ್ತಿದ್ದವಳು, ಗಂಡನಿಲ್ಲದೆ ಮಗಳನ್ನು ಸಾಕಿದವಳು. ಬಿತ್ತಿದ ಬೀಜ ಮೊಳಕೆ ಒಡೆಯುವ ಮೊದಲೇ ಮಳೆ ನಿಂತ ಹಾಗೆ, ಲಗ್ನಕ್ಕೆ ತಿಂಗಳಿರುವಾಗ ಒಂದು ರವಿವಾರ ಜಯವ್ವ ಎದೆ ಹಿಡಿದುಕೊಂಡು ಕುಸಿದಳು. ಮತ್ತೆ ಏಳಲಿಲ್ಲ.

ಆ ಕಡೆ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ಹೂವಿನ ಸರ ಹಾಕಿ, ಮನೆಯವರೆಲ್ಲ ಎರಡೂ ಬದಿಗೆ ಕೂತು ಫೋಟೋ ತೆಗೆಸುವುದು ರೂಢಿ. ಬದುಕಿರುವಾಗ ಕ್ಯಾಮೆರಾ ಕಾಣದ ಎಷ್ಟೋ ಬಡವರಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ಜಯವ್ವನಿಗೂ ಫಕ್ಕೀರಪ್ಪ ಬಂದ. ನಾಲ್ಕು ಸಲ ಗುಂಡಿ ಒತ್ತಿದ.

ಮೂರನೆಯ ದಿನ ಬಂಧುಗಳೆಲ್ಲ ಕೂಡಿದ್ದಾಗ ಬಂದು ತಲೆ ತಗ್ಗಿಸಿ ನಿಂತ. "ಫೋಟೋ ಇಲ್ಲ... ರೀಲ್ ಹಾಕಿದ್ದಿಲ್ಲ."

ಗುಡ್ಡವ್ವ ಎಲ್ಲರೆದುರು ಚೀರಿದಳು. "ಕುಡದ ಬಂದಿದ್ದಿ! ನಮ್ಮವ್ವನ ಹೆಣದ ಮುಂದ ಕುಡದ ಬಂದಿದ್ದಿ! ನಮ್ಮ ಹೊಸ್ತಿಲಾ ಇನ್ನ ತುಳೀಬ್ಯಾಡ!"

ಅವನು ಕುಡಿದದ್ದನ್ನು ಅವಳು ನೋಡಿರಲಿಲ್ಲ. ಸಿಟ್ಟು ಆಡಿಸಿತು, ನಾಲಿಗೆ ಆಡಿತು. ಆದರೆ ಆ ಒಂದು ಮಾತು ಊರೆಲ್ಲ ನಡೆದಾಡಿತು. ಲಗ್ನಕ್ಕೂ ಕರೆಯದಾದರು, ಸಾವಿಗೂ ಕರೆಯದಾದರು. ವರ್ಷದೊಳಗೆ ಸ್ಟುಡಿಯೋ ಮುಚ್ಚಿತು. ಫಕ್ಕೀರಪ್ಪ ಹಾವೇರಿಯ ಕೋರ್ಟಿನ ಎದುರು ಬೇರೊಬ್ಬರ ಅಂಗಡಿಯಲ್ಲಿ ಅರ್ಜಿಗೆ ಅಂಟಿಸುವ ಫೋಟೋ ತೆಗೆಯುತ್ತ ಉಳಿದ.

ಕೋಣೆಯಲ್ಲಿ ಕಥೆಗಳು ಶುರುವಾದವು. ಯಾರದೋ ಕುಸ್ತಿ, ಯಾರದೋ ಬಾವಿ ತೋಡಿದ ದಿನ. ನಗೆ, ಕೆಮ್ಮು, ಕಣ್ಣೀರು ಎಲ್ಲ ಬೆರೆತಿದ್ದವು. ಗುಡ್ಡವ್ವ ಹುರಿಯ ಕೆಳಗೆ ಒಂದೊಂದೇ ಫೋಟೋ ನೋಡುತ್ತ ನಡೆದಳು. ಎಲ್ಲರಿಗೂ ಒಂದೊಂದು ಮುಖ ಇದೆ. ತನಗೆ? ಈಚೆಗೆ ಅವ್ವನ ಮುಖ ನೆನಪಿನಲ್ಲೂ ಮಸುಕಾಗುತ್ತಿದೆ... ಮೂಗುತಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಮೊನ್ನೆ ಎಷ್ಟು ಯೋಚಿಸಿದರೂ ಹೊಳೆದಿರಲಿಲ್ಲ.

"ಬೇಟಿ, ಇಲ್ಲಿ ಬಾ."

ಕೈ ಹಿಡಿದವಳು ರೋಷನಬಿ. ಅವ್ವನ ಜೊತೆ ಒಂದೇ ರಾಶಿಯ ಮುಂದೆ ಕೂತು ತೊಟ್ಟು ಮುರಿದವಳು. ಅವ್ವ ಸತ್ತ ವಾರವೇ ಮಗಳ ಬಾಣಂತನಕ್ಕೆಂದು ಹಾನಗಲ್ಲಿಗೆ ಹೋಗಿ ಅಲ್ಲೇ ನಿಂತವಳು.

"ಇದು ನನ್ನ ಫೋಟೋ. ನಡುವ ನಿಂತಾನಲ್ಲ, ನಮ್ಮ ಯಜಮಾನ ರಹಿಮಾನಸಾಬ. ಹಮಾಲರೆಲ್ಲ ಕೂಡಿ ತೆಗೆಸಿದ್ದು. ಅಂವನ್ನ ಬಿಡು, ಎಷ್ಟ ನೋಡಿದರೂ ಅಷ್ಟ ಅಂವ. ಹಿಂದ ನೋಡು, ರಾಶಿ ಹಿಂದ!"

ಗುಡ್ಡವ್ವ ಬಾಗಿದಳು. ಹಮಾಲರ ಹೆಗಲುಗಳ ನಡುವೆ, ಮೆಣಸಿನಕಾಯಿ ರಾಶಿಯ ಆಚೆ ಒಬ್ಬ ಹೆಂಗಸು. ಸೀನು ಇನ್ನೇನು ಬರಬೇಕು. ಮೂಗು ಸುಕ್ಕಾಗಿದೆ, ಕಣ್ಣು ಅರ್ಧ ಮುಚ್ಚಿದೆ, ತನ್ನ ಅವಸ್ಥೆಗೆ ತಾನೇ ನಗುತ್ತಿದ್ದಾಳೆ. ಮೂಗುತಿ ಎಡಕ್ಕಿದೆ.

"ಅವ್ವಾ...!"

ಅವಳು ಫೋಟೋ ಮುಟ್ಟಲಿಲ್ಲ. ಮುಟ್ಟಿದರೆ ಸೀನು ಬಂದು ಅವ್ವ ಮಾಯವಾದಾಳೆಂಬಂತೆ ಬೆರಳು ಗಾಳಿಯಲ್ಲೇ ನಿಂತಿತು.

"ನನಗೂ ಕಂಡಿದ್ದಿಲ್ಲ ಬೇಟಿ. ಫಕ್ಕೀರಪ್ಪ ಭೂತಗನ್ನಡಿ ಹಿಡಕೊಂಡ ಮನಿಗೆ ಬಂದಿದ್ದ, ಅಂವ ಹುಡುಕಿ ತೋರಸಿದ. ನಾಲ್ಕ ವರ್ಷದಿಂದ ಯಾರ್ಡಿನವರ ಮನಿ ಮನಿ ತಿರಗ್ಯಾನಂತ. ಈ ಫೋಟೋದ ಜಾತ್ರಿನೂ ಅಂವಂದ ವಿಚಾರ. ಎಲ್ಲಾರೂ ಒಂದ ಕಡೆ ತಂದ್ರ ಇನ್ನೂ ಎಲ್ಲೆರೆ ಜಯವ್ವ ಸಿಕ್ಕಾಳು ಅಂತ."

"ಯಾಕ? ಮಾಡಿದ ಪಾಪಕ್ಕೇನು?"

ರೋಷನಬಿ ಅವಳನ್ನೇ ದಿಟ್ಟಿಸಿದಳು. "ಅಂವ ನಿನಗ ಹೇಳೇ ಇಲ್ಲೇನ?... ಯಾ ಅಲ್ಲಾ! ನಿಮ್ಮವ್ವ ಸಾಯೋ ನಾಲ್ಕ ದಿನದ ಮೊದಲ ನಾವಿಬ್ಬರೂ ಸ್ಟುಡಿಯೋಕ್ಕ ಹೋಗಿದ್ವಿ. ಹಸರ ಸೀರಿ ಉಟ್ಟಿದ್ಳು. ರೀಲಿನ್ಯಾಗ ಎರಡ ಉಳದಾವ, ಯಾರದೋ ಲಗ್ನದವರಿಗೆ ಬೇಕು, ಸೋಮವಾರ ಬರ್ರಿ ಅತ್ತಿ ಅಂದ ಈ ಹುಡುಗ. ಆಕಿ ನಕ್ಕೋತ ಅಂದ್ಳು, 'ಆತಪಾ ಅಳಿಯ. ಆದರ ಜೀವಂತ ಇದ್ದಾಗ ತೆಗಿ. ಸತ್ತ ಮ್ಯಾಲ ಕುಂಡ್ರಿಸಿ ತೆಗೀಬ್ಯಾಡ. ನನ್ನ ಮಗಳು ದಿನಾ ಹೆಣದ ಮಾರಿ ನೋಡಿ ಉಣಬಾರದು. ಕಾಗಿನೆಲಿ ಕೇಶವನ ಆಣಿ ಮಾಡು.' ಅಂವ ಮಾಡಿದ."

ಗುಡ್ಡವ್ವ ಮತ್ತೆ ಫೋಟೋದತ್ತ ತಿರುಗಿದಳು. ರೀಲ್ ಮರೆತದ್ದಲ್ಲ... ಬೇಕೆಂದೇ ಹಾಕಿರಲಿಲ್ಲ! ಬಂಧುಗಳ ಒತ್ತಾಯಕ್ಕೆ ಕ್ಯಾಮೆರಾ ಎತ್ತಿದ, ಆಣೆಗೆ ಅದನ್ನು ಖಾಲಿ ಇಟ್ಟ.

ಅವಳು ಹಿಂದಿನ ಪಡಸಾಲೆಗೆ ಹೋದಳು. ಫಕ್ಕೀರಪ್ಪ ಒಬ್ಬನೇ ಹುರಿ ಸುತ್ತುತ್ತಿದ್ದ.

"ಯಾಕ ಹೇಳಲಿಲ್ಲ?" ಎಂದಳು ಅವಳು. "ಒಂದ ಮಾತು... ಒಂದ ಮಾತ ಹೇಳಿದ್ರ...!"

"ಹೇಳಿದ್ರ ಸತ್ತಾಕಿ ಮ್ಯಾಲ ಸಿಟ್ಟಾಗ್ತಿದ್ದಿ. ನಾನು ಜೀವಂತ ಇದ್ದೆ. ನನ್ನ ಮ್ಯಾಲ ಆದ್ರ ಆಗ್ಲಿ ಅಂದೆ." ಅವನು ಹುರಿಯ ಉಂಡೆಯನ್ನು ಕೆಳಗಿಟ್ಟ. "ಮತ್ತ ನಾನೇನ ಸಾಚಾ ಅಲ್ಲ, ಗುಡ್ಡಿ. ಲಗ್ನದವರಿಗಂತ ಎರಡ ಫೋಟೋ ಉಳಿಸಿದೆ. ಬಾಗಲಕ್ಕ ಬಂದ ಅತ್ತಿನ್ನ ತಿರುಗಿ ಕಳಿಸಿದೆ. ಅದು ನನ್ನ ಪಾಲಿನ ಪಾಪ."

"ನಾ ಕುಡಕ ಅಂದೆ. ನೋಡದ ಅಂದೆ."

"ಹೌದು. ಅದು ನಿನ್ನದು."

ಅವನು ಸಮಾಧಾನ ಹೇಳಲಿಲ್ಲ. ಹೇಳದಿದ್ದುದೇ ಒಳ್ಳೆಯದಾಯಿತು. ಖಾರ ಹತ್ತಿದ ಬಾಯಿಗೆ ನೀರು ಹೊಯ್ದರೆ ಉರಿ ಎಲ್ಲಿ ಹೋಗುತ್ತದೆ?

"ಫಕ್ಕೀರಪ್ಪ... ಇನ್ನೂ ನನ್ನ ಮ್ಯಾಲ ಜೀವ..."

"ಐತಿ," ಎಂದ ಅವನು. "ಆದರ ಆರು ವರ್ಷ ಎಲ್ಲಿಂದ ತರ್ತಿ?"

"ತರಾಕ ಆಗಂಗಿಲ್ಲ." ಅವಳು ಕಣ್ಣೊರೆಸಿಕೊಳ್ಳಲೂ ಇಲ್ಲ. "ನನಗೂ ನಿನ್ನ ಮ್ಯಾಲ ಹಂಗ ಐತಿ. ಸಿಟ್ಟಿನ ಬುಡಕ ಆರು ವರ್ಷ ಅದ ಇತ್ತು. ಇವತ್ತ ಗೊತ್ತಾತು."

ಒಳಗಿನಿಂದ ಪರಮೇಶಪ್ಪನವರ ದನಿ ಕೇಳಿಸಿತು. "ಜಯವ್ವನ ಮಗಳು ಗುಡ್ಡವ್ವ! ಎಲ್ಲದಾಳ? ಬರ್ರಿ ತಂಗಿ, ಲಗೂನ!"

ಅವಳು ಹೋದಳು. ಮೈಕು ಮುಂದಿಟ್ಟರು, ಪಕ್ಕಕ್ಕೆ ಸರಿಸಿದಳು. ಸಣ್ಣ ದನಿಯಲ್ಲೇ ಹೇಳಿದಳು. ಕೇಳಲೆಂದು ಇಡೀ ಕೋಣೆ ಉಸಿರು ಹಿಡಿಯಿತು.

"ನನ್ನ ಕಡೆ ಫೋಟೋ ಇಲ್ರಿ. ಒಂದ ಸುಳ್ಳ ಐತಿ. ಆರು ವರ್ಷದ ಹಿಂದ ಫಕ್ಕೀರಪ್ಪ ಕುಡದ ಬಂದಾನ ಅಂತ ನಿಮಗೆಲ್ಲ ಹೇಳಿದಾಕಿ ನಾನು. ಅಂವ ಕುಡದಿದ್ದಿಲ್ಲ. ನಮ್ಮವ್ವಗ ಕೊಟ್ಟ ಮಾತ ನಡಸಿದ. ಅಂವನ್ನ ಕರೀದ ಬಿಟ್ಟವರದು ತಪ್ಪಲ್ಲ, ನನ್ನ ಮಾತ ನಂಬಿದ್ರಿ. ಈಗ ಇದನ್ನ ನಂಬ್ರಿ."

ಚಪ್ಪಾಳೆ ಬರಲಿಲ್ಲ. ಅನೇಕರು ತಲೆ ತಗ್ಗಿಸಿದರು. ಭರಮವ್ವಜ್ಜಿ ಮಾತ್ರ, "ಏ ಫಕ್ಕೀರ, ಮೊಮ್ಮಗನ ಜವಳ ಐತಿ ಬರೋ ಬೆಸ್ತವಾರ... ಕ್ಯಾಮೆರಾ ಹಿಡಕೊಂಡ ಬಾರಪಾ," ಎಂದಳು.

ಗುಡ್ಡವ್ವ ಇಳಿದು ಹಿಂದಿನ ಬೆಂಚಿಗೆ ಬಂದಳು. ಫಕ್ಕೀರಪ್ಪ ಸರಿದು ಜಾಗ ಮಾಡಿದ. ಅವನ ಕಣ್ಣು ತುಂಬಿತ್ತು.

"ಎಲ್ಲಾರ ಮುಂದ ಹೇಳಬೇಕಿತ್ತೇನ, ಗುಡ್ಡಿ? ನನಗ ಒಬ್ಬಂಗ ಹೇಳಿದ್ದು ಸಾಕಿತ್ತು."

"ನಿನ್ನ ಮಾನ ಎಲ್ಲಾರ ಮುಂದ ಕಸಗೊಂಡಿದ್ದೆ," ಎಂದಳು ಅವಳು, ಮೆಲ್ಲಗೆ. "ಎಲ್ಲಾರ ಮುಂದನ ಕೊಡಬೇಕಲ್ಲ."